ಮೊದಲು ಹೊಲಿದವರ ಹೆಸರು ಬರಿ

ತಂಗೀ,

ಅಂಗಡಿಯ ಇತಿಹಾಸ ಬರೆದು ಗೋಡೆಗೆ ಹಾಕಿಸುತ್ತೇನೆ, ಹಳೆಯ ಫೋಟೊ ಇದ್ದರೆ ಹುಡುಕಿ ಕೊಡು ಮುತ್ಯಾ ಅಂದಿದ್ದೀ. ಕೊಡುತ್ತೇನೆ. ಪುಣೆಯ ಪೇಠೆಯಲ್ಲಿ ಮೂರು ತಲೆಮಾರು ಚಪ್ಪಲಿ ಮಾರಿಕೊಂಡು ಬಾಳಿದ ಮನೆ ನಮ್ಮದು. ನಾಲ್ಕನೆಯ ತಲೆಮಾರಿನ ಹುಡುಗಿ ದೊಡ್ಡ ಓದು ಓದಿ, ಬೇರೆ ನೌಕರಿ ಬೇಡ, ಗಲ್ಲಾದ ಮೇಲೆ ನಾನೇ ಕೂಡ್ರುತ್ತೇನೆ ಅಂದಾಗ ನನಗಾದ ಸಂತೋಷ ದೊಡ್ಡದು.

ನೀನು ಕಳಿಸಿದ ಕರಡನ್ನು ಎರಡು ಸಲ ಓದಿದೆ. ಮುತ್ತಜ್ಜ ಊರು ಬಿಟ್ಟು ಬಂದ, ಬೀದಿಬದಿ ಕೂತು ಮಾರಿದ, ಮಳಿಗೆ ಹಿಡಿದ, ಹೆಸರು ಮಾಡಿದ. ಎಲ್ಲ ಖರೆ. ಆದರೆ ಅಂಗಡಿಯ ಬಾಗಿಲು ತೆರೆದ ದಿನದಿಂದ ಕಥೆ ಶುರುಮಾಡಿದರೆ ಮೊದಲ ಅಧ್ಯಾಯವೇ ಬಿಟ್ಟುಹೋಗುತ್ತದೆ. ಚಪ್ಪಲಿ ಅಂಗಡಿಯ ಇತಿಹಾಸ ಶುರುವಾಗುವುದು ಚಪ್ಪಲಿ ಹೊಲಿದ ಅಂಗಳದಲ್ಲಿ. ಈ ಮಾತು ನಿನ್ನ ಬರಹಕ್ಕಷ್ಟೇ ಹೇಳುತ್ತಿಲ್ಲ, ನೀನು ಮಾಡಲಿರುವ ವ್ಯಾಪಾರಕ್ಕೂ ಹೇಳುತ್ತಿದ್ದೇನೆ.

ಅದಕ್ಕೇ, ಪೆನ್ನು ಹಿಡಿಯುವ ಮೊದಲು ಬಸ್ಸು ಹತ್ತಿ ಅಥಣಿಗೆ ಹೋಗು. ಮದಭಾವಿಗೆ ಹೋಗು. ಚಿಕ್ಕೋಡಿ, ರಾಯಬಾಗ, ನಿಪ್ಪಾಣಿ ಕಡೆಗೂ ಒಂದು ಸುತ್ತು ಹಾಕು. ಪುಣೆಯ ಗಿರಾಕಿಗಳು ಕೊಲ್ಹಾಪುರಿ ಎಂದು ಕೇಳಿ ಒಯ್ಯುವ ಚಪ್ಪಲಿಗಳಲ್ಲಿ ದೊಡ್ಡ ಪಾಲು ಹುಟ್ಟುವುದು ಬೆಳಗಾವಿ ಜಿಲ್ಲೆಯ ಈ ಊರುಗಳ ಸಮಗಾರರ ಮನೆಗಳಲ್ಲಿ. ಕೊಲ್ಹಾಪುರದ ಪೇಟೆ ದೊಡ್ಡದು. ಅಲ್ಲಿನ ಶಾಹು ಮಹಾರಾಜರು ಈ ಕಸಬಿಗೆ ಆಸರೆಯಾಗಿ ನಿಂತರು. ಹೀಗಾಗಿ ಹೆಸರು ಆ ಊರಿನದಾಯಿತು. ಆ ಊರಿನ ಪಾಲನ್ನು ನಾವು ಕಸಿಯಬೇಕಾಗಿಲ್ಲ. ಕಾಪಶಿ, ಕುರುಂದವಾಡದ ಕೆಲಸಗಾರರೂ ನಮ್ಮವರೇ. ಆದರೆ ಅಥಣಿಯ ಪಾಲನ್ನು ಬಾಯಿಬಿಟ್ಟು ಹೇಳಬೇಕು.

ಅಲ್ಲಿ ಹೋದವಳು ಮೊದಲು ಹಿರಿಯರ ಹತ್ತಿರ ಕೂತು ತೊಗಲಿನ ಹದ ಕೇಳಿಕೊ. ಅವರ ಕಾಲದಲ್ಲಿ ಎಮ್ಮೆ, ಕೋಣಗಳ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ ಕೂದಲು ತೆಗೆಯುತ್ತಿದ್ದರು. ಆಮೇಲೆ ಆ ತೊಗಲನ್ನೇ ಸುತ್ತ ಹೊಲಿದು ಚೀಲ ಮಾಡಿ, ಒಳಗೆ ಜಾಲಿ ತೊಗಟೆ, ಅಳಲೆಕಾಯಿ, ನೀರು ತುಂಬಿ ತೂಗುಹಾಕುತ್ತಿದ್ದರು. ತೊಗಲಿನಿಂದ ಒಸರಿ ಕೆಳಗಿಳಿದ ಕೆಂಪು ನೀರನ್ನು ಮತ್ತೆ ಮತ್ತೆ ಮೇಲಿಂದ ಹೊಯ್ಯುತ್ತಿದ್ದರು. ಎಷ್ಟೋ ದಿನ ಹೀಗೆ ಮಾಡಿದ ಮೇಲೆ ತೊಗಲು ಕೊಳೆಯುವ ಗುಣ ಬಿಟ್ಟು ಬಾಳುವ ಗುಣ ಹಿಡಿಯುತ್ತಿತ್ತು. ಈಗ ಚೆನ್ನೈ ಕಡೆಯಿಂದಲೂ ಹದಮಾಡಿದ ತೊಗಲು ಬರುತ್ತದೆ, ಮನೆಯಲ್ಲೇ ಹದಮಾಡುವವರು ತೀರ ಕಡಿಮೆ. ಆ ಕೆಲಸ ಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದಿಟ್ಟುಕೊ.

ಆಮೇಲೆ ಹೆಣ್ಣುಮಕ್ಕಳ ಪಕ್ಕ ಕೂಡ್ರು. ದಪ್ಪ ತೊಗಲನ್ನು ನೀರಿಗೆ ಹಾಕಿ, ಬಡಿದು, ರಂಪಿಗೆಯಿಂದ ಅಟ್ಟೆ ಕೊಯ್ಯುವುದು ಹೆಚ್ಚಾಗಿ ಗಂಡಸರು. ಮೇಲಿನ ಪಟ್ಟಿ ಹೊಲಿಯುವವರು, ಗೊಂಡೆ ಕಟ್ಟುವವರು, ಹೆಣಿಗೆ ಹೆಣೆಯುವವರು ಹೆಂಗಸರು. ಬೆರಳಗಲದ ತೊಗಲಿನ ಪಟ್ಟಿಯನ್ನು ಸಣ್ಣ ಎಳೆಗಳಾಗಿ ಸೀಳುತ್ತಾರೆ. ಒಂದು ತುದಿಯನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿ ಎಳೆದುಹಿಡಿದು, ಎರಡೂ ಕೈಯಿಂದ ಜಡೆ ಹಾಕುತ್ತ ಹೋಗುತ್ತಾರೆ. ಎಳೆ ಬಿಗಿ ಹೆಚ್ಚಾದರೆ ಹರಿಯುತ್ತದೆ, ಸಡಿಲಾದರೆ ತೊಟ್ಟವರ ಕಾಲಲ್ಲಿ ಹಿಂಜಿಕೊಳ್ಳುತ್ತದೆ. ಆ ಬಿಗಿಯ ಅಳತೆ ಅವರ ಬೆರಳಿಗೆ ಗೊತ್ತು. ಕೊನೆಗೆ ಅಟ್ಟೆಯ ಪದರಗಳ ನಡುವೆ ಪಟ್ಟಿಯ ಕಿವಿಗಳನ್ನು ಕೂರಿಸಿ, ತೊಗಲಿನ ಎಳೆಯಿಂದಲೇ ಹೊಲಿದು ಮುಗಿಸುತ್ತಾರೆ. ಒಂದು ಮೊಳೆ ಇಲ್ಲ. ನಮ್ಮ ಅಂಗಡಿಯಲ್ಲಿ ಯಾರಾದರೂ ಚಪ್ಪಲಿ ಮಗುಚಿ ನೋಡಿ ಇಷ್ಟು ದುಬಾರಿ ಯಾಕೆ ಅಂದರೆ, ಈ ಹೊಲಿಗೆಯ ಸಾಲು ತೋರಿಸಿ ವಿವರಿಸುವಷ್ಟು ನೀನು ಕಲಿತಿರಬೇಕು. ಒಂದು ಜೊತೆಯನ್ನಾದರೂ ನಿನ್ನ ಕೈಯಾರೆ ಹೊಲಿದು ನೋಡು.

ಇಷ್ಟು ಕೆಲಸ ಮಾಡುವ ಹೆಣ್ಣುಮಕ್ಕಳ ಹೆಸರು ಈ ವ್ಯಾಪಾರದ ಖಾತೆಕಿರ್ದಿಗಳಲ್ಲಿ ಸಿಗುವುದು ಅಪರೂಪ. ಮಾಲು ತಂದ ಗಂಡಸಿನ ಹೆಸರು, ಅವನ ಕೈಗೆ ಕೊಟ್ಟ ದುಡ್ಡು, ಅಲ್ಲಿಗೆ ಲೆಕ್ಕ ಮುಗಿಯುತ್ತದೆ. 1990ರ ದಶಕದ ಕೊನೆಯಿಂದ ಅಥಣಿಯಲ್ಲಿ ಹೆಂಗಸರು ಸ್ವಸಹಾಯ ಸಂಘ ಕಟ್ಟಿಕೊಂಡು, ಟೋಹೋಲ್ಡ್ ಎಂಬ ಒಕ್ಕೂಟದ ಮೂಲಕ ತಮ್ಮ ಮಾಲನ್ನು ಪರದೇಶಕ್ಕೂ ಕಳಿಸಿದರು. ದುಡ್ಡು ತಮ್ಮ ಕೈಗೇ ಬಂದಾಗ ಮನೆಯಲ್ಲಿ ಅವರ ಮಾತಿಗೆ ಬೆಲೆ ಬಂತು. ನೀನು ಗಲ್ಲಾಕ್ಕೆ ಕೂತ ಮೇಲೆ ಹೆಣಿಗೆಯ ಕೂಲಿಯನ್ನು ಹೆಣೆದವಳ ಹೆಸರಿನಲ್ಲಿ, ಅವಳ ಬ್ಯಾಂಕ್ ಖಾತೆಗೇ ಹಾಕು.

ಇನ್ನು ಪುಣೆಗೆ ಬಂದ ದಾರಿ. 1956ರ ನವೆಂಬರ್ ಒಂದಕ್ಕೆ ಕರ್ನಾಟಕದ ಏಕೀಕರಣವಾಗುವವರೆಗೆ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಅಥಣಿ ಕಡೆಯವರಿಗೆ ಪುಣೆ ಪರರಾಜ್ಯ ಆಗಿರಲಿಲ್ಲ. ಮಿರಜ ದಾಟಿದರೆ ರೈಲು ನೇರ ಪುಣೆಗೆ. ಚಪ್ಪಲಿಯ ಗಂಟು ಕಟ್ಟಿಕೊಂಡು ಬಂದವರಲ್ಲಿ ನನ್ನ ಅಪ್ಪನೂ ಒಬ್ಬ. ಆಗ ಈ ಊರಿನ ಹಿರಿಯರು ಪಗಡಿಯ ಜೊತೆಗೆ ಕೆಂಪು ಪುಣೇರಿ ಜೋಡು ಮೆಟ್ಟುತ್ತಿದ್ದರು. 1931ರಲ್ಲಿ ಭಾರತಕ್ಕೆ ಬಂದ ಬಾಟಾ ಕಂಪನಿಯ ಬೂಟುಗಳು ನೌಕರಿಯವರ ಕಾಲಿಗೆ ಬರತೊಡಗಿದ್ದವು. ಎರಡರ ನಡುವೆ ನಮ್ಮ ಚಪ್ಪಲಿ ಜಾಗ ಮಾಡಿಕೊಂಡಿತು. ಆಮೇಲೆ ಅಗ್ಗದ ರಬ್ಬರ್ ಹವಾಯಿ ಬಂತು, ಬಣ್ಣಬಣ್ಣದ ರೆಕ್ಸಿನ್ ಬಂತು, ಮಾಲ್ ಬಂತು, ಈಗ ಮನೆಬಾಗಿಲಿಗೇ ಪೆಟ್ಟಿಗೆ ಬರುತ್ತದೆ. ಪ್ರತಿ ಸಲವೂ ಇನ್ನು ಮುಗಿಯಿತು ಅಂದವರಿದ್ದರು. ಮುಗಿಯಲಿಲ್ಲ, ಯಾಕೆಂದರೆ ತೊಗಲಿನ ಚಪ್ಪಲಿ ತೊಟ್ಟವರ ಕಾಲಿನ ಆಕಾರವನ್ನು ನಿಧಾನಕ್ಕೆ ತಾನೇ ಪಡೆದುಕೊಳ್ಳುತ್ತದೆ. ಅದು ಬೇಕೆನ್ನುವ ಕಾಲುಗಳು ಊರಲ್ಲಿ ಇದ್ದೇ ಇರುತ್ತವೆ.

ನಿನ್ನ ಕರಡಿನಲ್ಲಿ ಒಂದು ಕಡೆ ‘ಪಾರಂಪರಿಕ ಕುಶಲಕರ್ಮಿ ಮನೆತನ’ ಎಂದಿದೆ. ಅದನ್ನು ಹೊಡೆದುಹಾಕಿ, ಸಮಗಾರರು ಎಂದು ಬರಿ. ಮುಚ್ಚಿಟ್ಟ ಕುಲ ಮುಂದಿನ ಮಕ್ಕಳಿಗೆ ನಾಚಿಕೆಯಾಗಿ ಕಾಣುತ್ತದೆ. ಹೇಳಿಕೊಂಡ ಕುಲ ಅವರ ಬೆನ್ನಿಗೆ ನಿಲ್ಲುತ್ತದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರು ‘ಶರಣು’ ಅಂದದ್ದಕ್ಕೆ ಬಸವಣ್ಣನವರು ‘ಶರಣು ಶರಣಾರ್ಥಿ’ ಅಂದರಂತೆ. ತನಗೆ ಬಂದ ಆ ಹೆಚ್ಚಿನ ಒಂದು ನಮಸ್ಕಾರದ ಋಣ ತೀರಿಸಲು ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದ ಚಮ್ಮಾವುಗೆ ಮಾಡಿದರು ಎಂಬ ಕಥೆ ನೀನು ತೊಟ್ಟಿಲಲ್ಲೇ ಕೇಳಿದ್ದೀ. ಅವರ ಮಗನಿಗೂ ಬ್ರಾಹ್ಮಣ ಕುಲದ ಮಧುವರಸರ ಮಗಳಿಗೂ ಮದುವೆಯಾದದ್ದಕ್ಕೆ ಆ ಇಬ್ಬರು ತಂದೆಯರು ಪ್ರಾಣ ತೆತ್ತರು. ಋಣ ಅಂದರೆ ಏನು, ಸಮಾನತೆಗೆ ಎಷ್ಟು ಬೆಲೆ ಕೊಡಬೇಕಾಗುತ್ತದೆ ಎಂಬುದನ್ನು ನಮ್ಮ ಕಸಬಿನ ಮನೆಯೇ ನಾಡಿಗೆ ಕಲಿಸಿದೆ.

ಪುಣೆಯಲ್ಲೇ ಬಾಳಿದ ಇನ್ನೊಬ್ಬರ ಹೆಸರನ್ನೂ ಗೋಡೆಯ ಮೇಲೆ ಬರಿ. ಪಲ್ವಂಕರ್ ಬಾಲೂ. 1876ರಲ್ಲಿ ಧಾರವಾಡದಲ್ಲಿ ಹುಟ್ಟಿದವರು, ಪುಣೆಯಲ್ಲಿ ಬೆಳೆದವರು, ತೊಗಲು ಕೆಲಸದ ಕುಲದವರು. ಹುಡುಗನಾಗಿದ್ದಾಗ ಇಲ್ಲಿನ ಪಾರಸಿಗಳ ಕ್ರಿಕೆಟ್ ಮೈದಾನದಲ್ಲಿ ಕಸಗುಡಿಸಿ, ಪಿಚ್ ಉರುಳಿಸುತ್ತ ತಿಂಗಳಿಗೆ ಮೂರು ರೂಪಾಯಿಗೆ ದುಡಿದರು. ಆಮೇಲೆ ಇಂಗ್ಲಿಷರ ಪೂನಾ ಕ್ಲಬ್ಬಿನಲ್ಲಿ ನಾಲ್ಕು ರೂಪಾಯಿ. ಅಲ್ಲಿ ನೆಟ್‌ನಲ್ಲಿ ಇಂಗ್ಲಿಷರಿಗೆ ಚೆಂಡು ಎಸೆದೆಸೆದು ಎಡಗೈ ಸ್ಪಿನ್ ಪಳಗಿಸಿಕೊಂಡರು. ಇಂಗ್ಲಿಷರನ್ನು ಸೋಲಿಸಲು ಬೇಕೆಂದು ಊರಿನ ಹಿಂದೂ ತಂಡ ಅವರನ್ನು ಸೇರಿಸಿಕೊಂಡಿತು. ಮೈದಾನದೊಳಗೆ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು. ಚಹದ ಹೊತ್ತಿಗೆ ಮಾತ್ರ ಅವರು ಹೊರಗೆ ನಿಂತು, ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ ಕುಡಿಯಬೇಕಾಗಿತ್ತು. ಅದೇ ಬಾಲೂ 1911ರಲ್ಲಿ ಭಾರತದ ತಂಡದ ಜೊತೆ ಇಂಗ್ಲೆಂಡಿಗೆ ಹೋಗಿ 114 ವಿಕೆಟ್ ತೆಗೆದರು. ಹಿಂದೂ ತಂಡದ ನಾಯಕತ್ವವನ್ನು ಮಾತ್ರ ಅವರಿಗೆ ಯಾರೂ ಕೊಡಲಿಲ್ಲ. 1923ರಲ್ಲಿ ಅದು ಅವರ ತಮ್ಮ ವಿಠ್ಠಲರಿಗೆ ಸಿಕ್ಕಿತು.

ಇದನ್ನು ಯಾಕೆ ಇಷ್ಟು ಹೇಳಿದೆನೆಂದರೆ, ಕೈಯ ಕೆಲಸ ಬೇಕು, ಕೆಲಸ ಮಾಡಿದವರು ಬೇಡ ಎನ್ನುವ ರೀತಿ ಇಂದಿಗೂ ಬದುಕಿದೆ. ಅದು ನಮ್ಮೊಳಗೂ ಸದ್ದಿಲ್ಲದೆ ಬಂದು ಕೂಡ್ರುತ್ತದೆ. ನೆಲದ ಮೇಲೆ ಕೂತು ಹೊಲಿದವರ ಮಕ್ಕಳು ಗಲ್ಲಾಕ್ಕೆ ಏರಿದ ಮೇಲೆ ನೆಲದ ಮೇಲೆ ಇನ್ನೂ ಕೂತವರನ್ನು ಕಾಯಿಸತೊಡಗುತ್ತಾರೆ. ಅಥಣಿಯಿಂದ ಮಾಲು ಹೊತ್ತು ಬಂದವರಿಗೆ ಗಿರಾಕಿ ಕೂಡ್ರುವ ಬಾಕಿನ ಮೇಲೆಯೇ ಜಾಗ ಕೊಡು, ನೀನು ಕುಡಿಯುವ ಕಪ್ಪಿನಲ್ಲಿಯೇ ಚಹ ಕೊಡು. ಗಿರಾಕಿಯ ಕಾಲು ಹಿಡಿದು ಅಳತೆ ನೋಡುವುದಕ್ಕೆ ಎಂದೂ ಸಂಕೋಚಪಡಬೇಡ. ಆ ಕೆಲಸದಲ್ಲಿ ಬೆನ್ನು ಬಾಗಲಿ, ಮನಸ್ಸು ಬಾಗುವುದು ಬೇಡ.

1961ರ ಜುಲೈ 12ರ ಪಾನಶೇತ್ ಪ್ರವಾಹದ ಬಗ್ಗೆ ನೀನು ಒಂದೇ ಸಾಲು ಬರೆದಿದ್ದೀ. ಅಣೆಕಟ್ಟು ಒಡೆದು, ಖಡಕವಾಸಲಾ ಅಣೆಕಟ್ಟೂ ಒಡೆದು, ಮುಠಾ ನದಿ ಪೇಠೆಗಳಿಗೆ ನುಗ್ಗಿದಾಗ ನಾನು ಸಣ್ಣ ಹುಡುಗ. ನೀರು ಇಳಿದ ಮೇಲೆ ಅಂಗಡಿಯ ತುಂಬ ಕೆಸರು, ಉಬ್ಬಿಕೊಂಡ ಅಟ್ಟೆಗಳು. ನೆನೆದ ತೊಗಲನ್ನು ಬಿಸಿಲಿಗಿಟ್ಟರೆ ಸೆಟೆದು ಸೀಳುತ್ತದೆ. ಅಪ್ಪ ಮೇಲಿನ ಮಾಳಿಗೆಯ ನೆರಳಲ್ಲಿ ಹಗ್ಗ ಕಟ್ಟಿ ಒಂದೊಂದೇ ಜೊತೆ ತೂಗುಹಾಕಿದ, ಆರಿದ ಮೇಲೆ ಎಣ್ಣೆ ಹಚ್ಚಿದ. ಕೆಲವು ಉಳಿದವು, ಬಹಳಷ್ಟು ಹೋದವು. ಆಮೇಲೆ ಅವನು ತೊಗಲಿನ ವ್ಯಾಪಾರಿಯ ಹತ್ತಿರ ಮುದ್ದತು ಕೇಳಿದ, ಮಳಿಗೆಯ ಮಾಲಕರ ಹತ್ತಿರ ಮುದ್ದತು ಕೇಳಿದ. ಹೊಲಿದವರ ಹತ್ತಿರ ಕೇಳಲಿಲ್ಲ. ಇದ್ದವರು ಕಾಯಬಲ್ಲರು, ವಾರದ ಸಂತೆಯ ಮೇಲೆ ಬದುಕುವವರು ಕಾಯಲಾರರು ಅಂದ. ಅಂಗಡಿ ಮತ್ತೆ ಎದ್ದದ್ದು ಆ ಮಾತಿನಿಂದ. ಮರುವರ್ಷ ಮಾಲಿಗೆ ಬರ ಬಿದ್ದಾಗ ಅಥಣಿಯವರು ಮೊದಲ ಗಂಟನ್ನು ನಮ್ಮ ಬಾಗಿಲಿಗೇ ಇಳಿಸಿದರು.

ಆ ಮಾತನ್ನೇ ನಿನ್ನ ವ್ಯಾಪಾರದ ಮೊದಲ ಕಟ್ಟಳೆ ಮಾಡಿಕೊ. ಮಾಲು ತೆಗೆದುಕೊಂಡ ದಿನವೇ ದುಡ್ಡು. ಮಾರಾಟವಾದ ಮೇಲೆ ಕೊಡುತ್ತೇನೆ, ಉಳಿದದ್ದು ವಾಪಸ್ ಎನ್ನುವುದು ಪೇಟೆಯ ರೂಢಿ ಇರಬಹುದು, ನಮ್ಮ ಅಂಗಡಿಯ ರೂಢಿ ಆಗಬಾರದು. ಮಳೆಗಾಲದಲ್ಲಿ ಇನ್ನೂ ಎಚ್ಚರ ಬೇಕು. ಆಗ ತೊಗಲು ಆರುವುದಿಲ್ಲ, ಈ ಚಪ್ಪಲಿಯನ್ನು ಯಾರೂ ಕೊಳ್ಳುವುದೂ ಇಲ್ಲ. ಹೊಲಿಯುವವರು ಸಾಲಕ್ಕೆ ಕೈಚಾಚುವುದು ಆಗಲೇ. ಆಗ ಮುಂಗಡ ಕೊಟ್ಟು ದೀಪಾವಳಿಯ ಮಾಲಿನ ದರವನ್ನು ಮೊದಲೇ ಮುರಿದುಕೊಳ್ಳುವ ವ್ಯಾಪಾರಿಗಳಿದ್ದಾರೆ. ನೀನು ಮುಂಗಡ ಕೊಡು, ದರ ಮಾತ್ರ ಮಾಲು ಬಂದ ದಿನದ್ದೇ ಇರಲಿ. ತೆರಿಗೆಯ ವಿಷಯದಲ್ಲೂ ಇದೇ ಮಾತು. 2022ರಲ್ಲಿ ಸಾವಿರ ರೂಪಾಯಿಯೊಳಗಿನ ಪಾದರಕ್ಷೆಯ ಜಿಎಸ್‌ಟಿ ಶೇಕಡಾ 5ರಿಂದ 12ಕ್ಕೆ ಏರಿದಾಗ ವ್ಯಾಪಾರಿಗಳು ಆ ಭಾರವನ್ನು ಕೂಲಿಯ ಮೇಲೂ ಹಾಕಿದರು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಜೊತೆಗೆ ಶೇಕಡಾ 5 ಆಗಿದೆ. ಇಳಿದದ್ದರಲ್ಲೂ ಹೊಲಿದವರಿಗೆ ಪಾಲು ಸಲ್ಲಬೇಕು.

ಗಿರಾಕಿಗೆ ಸುಳ್ಳು ಹೇಳಬೇಡ. ಈ ಚಪ್ಪಲಿ ಹೊಸತರಲ್ಲಿ ಕಚ್ಚುತ್ತದೆ, ಮಳೆಯಲ್ಲಿ ತೊಡಬಾರದು, ಆಗಾಗ ಎಣ್ಣೆ ಬೇಕು ಎಂದು ಕೊಳ್ಳುವ ಮೊದಲೇ ಹೇಳು. ಕೇಳಿ ಹಿಂದೆ ಸರಿದವರು ಸರಿಯಲಿ. ರೆಕ್ಸಿನ್ ಮಾಲನ್ನು ಅಸಲಿ ಎಂದು ಒಂದು ದಿನವೂ ಮಾರಬೇಡ. ಹರಿದು ಬಂದದ್ದನ್ನು, ನಮ್ಮಲ್ಲಿ ಕೊಂಡದ್ದಾಗಲಿ ಬೇರೆ ಕಡೆ ಕೊಂಡದ್ದಾಗಲಿ, ಹೊಲಿದು ಕೊಡು. ಆಷಾಢ ಏಕಾದಶಿಗೆ ಮೊದಲು ಆಳಂದಿಯಿಂದ ಜ್ಞಾನೇಶ್ವರರ ಪಾಲಖಿ, ದೇಹುವಿನಿಂದ ತುಕಾರಾಮರ ಪಾಲಖಿ ಪುಣೆಗೆ ಬಂದು ಭವಾನಿ ಪೇಠ, ನಾನಾ ಪೇಠಗಳಲ್ಲಿ ಇಳಿದುಕೊಳ್ಳುತ್ತವೆ. ಆ ಪಾಲಖಿಗಳಲ್ಲಿ ಕೂತು ಪಂಢರಪುರಕ್ಕೆ ಹೋಗುವುದು ಸಂತರ ಪಾದುಕೆಗಳು. ಹಿಂದೆ ನಡೆಯುವ ವಾರಕರಿಗಳ ಹರಿದ ಚಪ್ಪಲಿಗಳನ್ನು ನಮ್ಮ ಕಸಬಿನವರು ರಸ್ತೆಬದಿಗೆ ಕೂತು ಪುಕ್ಕಟೆ ಹೊಲಿದು ಕೊಡುತ್ತಾರೆ. ಆ ದಿನ ಅಂಗಡಿ ಬಿಟ್ಟು ಅವರ ಸಾಲಿನಲ್ಲಿ ಕೂಡ್ರು. ಅಂಗಡಿಯ ಹೆಸರಿನ ಬ್ಯಾನರ್ ಕಟ್ಟಬೇಡ.

ಈಗ ಹೆಸರಿನ ಮಾತು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ಫ್ಯಾಷನ್ ಪ್ರದರ್ಶನದಲ್ಲಿ ನಮ್ಮ ಚಪ್ಪಲಿಯನ್ನೇ ಹೋಲುವ ಚಪ್ಪಲಿ ತೋರಿಸಿ, ಬರೀ ಚರ್ಮದ ಚಪ್ಪಲಿ ಎಂದು ಕರೆದಾಗ ನಿನಗೆ ಎಷ್ಟು ಸಿಟ್ಟು ಬಂದಿತ್ತು! ದೇಶವೇ ಕೇಳಿತು. ಕಂಪನಿ ಆಮೇಲೆ ಮೂಲ ಒಪ್ಪಿಕೊಂಡಿತು. ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಲಿಡ್‌ಕಾಮ್, ಕರ್ನಾಟಕದ ಲಿಡ್‌ಕರ್ ಚರ್ಮೋದ್ಯಮ ನಿಗಮಗಳ ಜೊತೆ ಕರಾರು ಮಾಡಿಕೊಂಡು, 2,000 ಜೊತೆ ಇಲ್ಲಿಯೇ ಮಾಡಿಸುವುದಾಗಿ ಹೇಳಿತು. ಒಂದು ಜೊತೆಗೆ ಸುಮಾರು 800 ಯೂರೊ ಬೆಲೆ ಎಂದು ಪತ್ರಿಕೆಗಳು ಬರೆದವು. ನಿನ್ನ ಸಿಟ್ಟು ನ್ಯಾಯದ್ದೇ. ಆದರೆ ಮಿಲಾನ್‌ಗೆ ಕೇಳಿದ ಪ್ರಶ್ನೆಯನ್ನು ನಮ್ಮ ಪೇಠೆಗೂ ಕೇಳಬೇಕಲ್ಲವೇ? ಮದಭಾವಿಯಲ್ಲಿ ಹೊಲಿದದ್ದನ್ನು ಮದಭಾವಿಯದು ಎಂದು ಹೇಳಿ ಮಾರುವ ಅಂಗಡಿ ಇಲ್ಲಿ ಎಷ್ಟಿವೆ? ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಪ್ರಕಟವಾದ ಭೌಗೋಳಿಕ ಗುರುತು ಎಂಟು ಜಿಲ್ಲೆಗಳಿಗೆ ಸೇರಿದ್ದು: ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೋಲಾಪುರ ಅತ್ತ, ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಇತ್ತ. ಕಾಯ್ದೆ ಜಿಲ್ಲೆಯ ಹೆಸರು ಬರೆದಿದೆ. ಊರಿನ ಹೆಸರು, ಮನುಷ್ಯರ ಹೆಸರು ಬರೆಯುವುದು ಅಂಗಡಿಯವರ ಕೆಲಸ. ಪ್ರತಿ ಜೊತೆಯ ಚೀಟಿಯ ಮೇಲೆ, ಅವರ ಒಪ್ಪಿಗೆ ಕೇಳಿ, ಅಟ್ಟೆ ಕೊಯ್ದವರ ಹೆಸರು, ಹೆಣಿಗೆ ಹೆಣೆದವರ ಹೆಸರು, ಊರು ಹಾಕಿಸು.

ಒಂದು ವಿಷಯದಲ್ಲಿ ಮಾತ್ರ ಭಾವುಕಳಾಗಬೇಡ. ಸಮಗಾರರ ಮಕ್ಕಳು ಕಸಬು ಬಿಡುತ್ತಿದ್ದಾರೆ ಎಂದು ಮರುಗುವ ಲೇಖನಗಳನ್ನು ನೀನು ಓದುತ್ತೀ, ಹಂಚುತ್ತೀ. ಮಕ್ಕಳು ಓದಲಿ, ಡಾಕ್ಟರಾಗಲಿ, ಹಿಂಜವಾಡಿಯ ಐಟಿ ಕಂಪನಿಗಳಲ್ಲಿರುವ ನಿನ್ನ ಗೆಳತಿಯರ ಪಕ್ಕದ ಕುರ್ಚಿಯಲ್ಲಿ ಕೂಡ್ರಲಿ. ಯಾರದೋ ಪರಂಪರೆ ಉಳಿಸಲು ಒಬ್ಬ ಹುಡುಗ ಶಾಲೆ ಬಿಡಬೇಕಾಗಿಲ್ಲ. ಬಿಡುವವರು ಮರ್ಯಾದೆಯಿಂದ ಬಿಡಲಿ, ಇರುವವರು ಮರ್ಯಾದೆಯಿಂದ ಇರಲಿ. ಈ ಕೆಲಸದಿಂದ ಮನೆ ಕಟ್ಟಬಹುದು, ಮಗಳನ್ನು ಓದಿಸಬಹುದು ಎಂದಾದರೆ ಕಲಿಯುವ ಕೈಗಳು ತಾವಾಗಿ ಬರುತ್ತವೆ. ಬೇರೆ ಕುಲದ ಹುಡುಗರು ಕಲಿಯಲು ಬಂದರೆ ಇನ್ನೂ ಒಳ್ಳೆಯದು. ಜಾತಿಗೆ ಕಟ್ಟಿದ ಕಸಬಿನ ಗಂಟು ಸಡಿಲವಾಗುವುದು ಹಾಗೆಯೇ.

ನಿನ್ನ ಕರಡನ್ನು ತಿದ್ದಿ ಕಳಿಸುತ್ತಿಲ್ಲ, ನೀನೇ ತಿದ್ದು. ನಿನ್ನ ಅಪ್ಪನನ್ನು ಕೂರಿಸಿ ಹಳೆಯ ಕಿರ್ದಿಗಳನ್ನು ಬಿಚ್ಚಿಸು. ಅಥಣಿಯ ಯಾವ ಮನೆಯಿಂದ ಯಾವ ಕಾಲಕ್ಕೆ ಮಾಲು ಬಂತು ಎಂದು ಪಟ್ಟಿ ಮಾಡು. ಆ ಮನೆಗಳಿಗೆ ಹೋಗಿ, ಹೆಂಗಸರ ಹೆಸರುಗಳನ್ನು ಕೇಳಿ ಪಟ್ಟಿ ತುಂಬಿಸು. ಹೋಗುವಾಗ ಕೊಡಬೇಕಾದ ಬಾಕಿ ಏನಾದರೂ ಇದ್ದರೆ ಮೊದಲು ಅದನ್ನು ಚುಕ್ತಾ ಮಾಡು, ಹೊಸ ಡಿಸೈನಿನ ಮಾತು ಆಮೇಲೆ ಎತ್ತು. ದರ ಕಟ್ಟುವಾಗಲೂ ಇದೇ ಕ್ರಮ: ಹೊಲಿದವರ ಪಾಲು ಎಷ್ಟು ಎಂದು ಮೊದಲ ಸಾಲಿನಲ್ಲಿ ಬರಿ, ತೊಗಲು, ಬಾಡಿಗೆ, ತೆರಿಗೆ ಅದರ ಕೆಳಗೆ, ನಮ್ಮ ಲಾಭ ಕೊನೆಯ ಸಾಲಿನಲ್ಲಿ. ಆ ಕೊನೆಯ ಸಾಲು ಸಣ್ಣದಾದ ವರ್ಷಗಳೂ ಬರುತ್ತವೆ. ಆಗಲೂ ಸಾಲುಗಳ ಕ್ರಮ ಬದಲಿಸಬೇಡ.

ಒಳ್ಳೆಯದಾಗಲಿ.

ನಿನ್ನ ಮುತ್ಯಾ